ಹೇಗೂ ಮನೇಲೇ ಇರ್ತೀಯಲ್ಲ

ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದ ಪದವೆಂದರೆ ‘ಹೇಗೂ’. “ಹೇಗೂ ಮನೇಲೇ ಇರ್ತೀಯಲ್ಲ, ಸಿಲಿಂಡರ್‌ನವನು ಬಂದ್ರೆ ಇಳಿಸ್ಕೋ.” “ಹೇಗೂ ಎದ್ದಿದೀಯಲ್ಲ, ಒಂದು ಲೋಟ ನೀರು ಕೊಡು.” “ಹೇಗೂ ಒಲೆ ಹಚ್ಚಿದೀಯಲ್ಲ, ನಂಗೂ ಅರ್ಧ ಕಪ್ ಚಹಾ.” ಈ ಪದ ಯಾರ ಬಾಯಿಂದ ಹೊರಟರೂ ಬಂದು ಕೂರುತ್ತಿದ್ದದ್ದು ಮಾತ್ರ ಒಬ್ಬಳ ತಲೆಯ ಮೇಲೆ. ಅವಳನ್ನು ಗಂಡ ‘ಯಜಮಾನ್ತಿ’ ಎಂದು ಕರೆಯುತ್ತಿದ್ದ. ಮದುವೆಯಾದ ಹೊಸದರಲ್ಲಿ ಮುದ್ದಿಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡು, ಬೀದಿಯವರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಬಿರುದೇನೋ ದೊಡ್ಡದೇ. ಆದರೆ ಆ ದರ್ಬಾರಿನಲ್ಲಿ ಮಹಾರಾಣಿಯೂ ಅವಳೇ, ಕಸ ಗುಡಿಸುವವಳೂ ಅವಳೇ.

ಗಂಡ ಲಿಫ್ಟ್ ಮೆಕ್ಯಾನಿಕ್. ಬೆಳಿಗ್ಗೆ ಏಳಕ್ಕೆಲ್ಲ ಹೊರಟು, ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳಿಗೆ ಎಣ್ಣೆ ಹಾಕಿ, ಹಗ್ಗ ಬಿಗಿ ಮಾಡಿ, ನಾಲ್ಕು ಗಂಟೆಗೆಲ್ಲ ಮನೆ ಸೇರಿ ಸೋಫಾದ ಮೇಲೆ ಕಾಲು ಚಾಚಿದನೆಂದರೆ ಊಟದ ತನಕ ಅಲುಗುತ್ತಿರಲಿಲ್ಲ. ಊರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿ ಬಂದವನಿಗೆ ತಾನು ಏಳುವುದೊಂದು ಕಷ್ಟ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಂಡಿ ಹೋಗಿದ್ದರೂ ಕಿವಿ ಹೋಗಿರಲಿಲ್ಲ. ಅಡುಗೆಮನೆಯ ಪಿಸುಮಾತಿಗೂ ಅವರಿಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಲೈನ್ ಸಿಗುತ್ತಿತ್ತು. ಮಗಳು ಪ್ರಾಣಿಗಳ ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಿದ್ದಳು. ಒಂದು ಭಾನುವಾರ ಎರಡು ರಟ್ಟಿನ ಪೆಟ್ಟಿಗೆಗಳನ್ನು ತಂದು ಊಟದ ಮೇಜಿನ ಮೇಲಿಟ್ಟವಳು ಅವಳೇ.

“ಏನೇ ಇದು?” ಎಂದರು ಅತ್ತೆ.

“ಕೋಳಿ, ಅಜ್ಜಿ.”

“ಅದು ನಂಗೂ ಕಾಣುತ್ತೆ. ಇದರ ಪುಕ್ಕ ಎಲ್ಲಿ?”

ಪುಕ್ಕ ನಿಜಕ್ಕೂ ಇರಲಿಲ್ಲ. ಐದು ಕೋಳಿಗಳು, ಐದಕ್ಕೂ ಎದೆ ಬೆತ್ತಲೆ, ಕುತ್ತಿಗೆ ಕೆಂಪು. ಜುಟ್ಟು ಬಣ್ಣ ಕಳೆದುಕೊಂಡು ಒಂದು ಪಕ್ಕಕ್ಕೆ ವಾಲಿತ್ತು. ಕೊಕ್ಕಿನ ತುದಿಯನ್ನು ಯಾರೋ ಮರಿಯಾಗಿದ್ದಾಗಲೇ ಕತ್ತರಿಸಿದ್ದರು. ಮೊಟ್ಟೆ ಫ್ಯಾಕ್ಟರಿಯ ಕೋಳಿಗಳು, ತಂತಿಯ ಪಂಜರದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತೇ ಬದುಕಿದವು, ಎಂದು ಮಗಳು ವಿವರಿಸಿದಳು. ಮೊಟ್ಟೆ ಕಡಿಮೆಯಾದ ಕೂಡಲೇ ಎಲ್ಲವನ್ನೂ ಲಾರಿಗೆ ತುಂಬುತ್ತಾರೆ. ಅವಳ ಆಸ್ಪತ್ರೆಯ ಡಾಕ್ಟರಮ್ಮ ಲಾರಿ ಬರುವ ಮೊದಲೇ ಹೋಗಿ ಒಂದಷ್ಟನ್ನು ಬಿಡಿಸಿಕೊಂಡು ಬಂದು ಸಾಕುವವರಿಗೆ ಹಂಚುತ್ತಾರೆ.

“ಮೊಟ್ಟೆ ಇಡಲ್ಲ ಅಂತ ಅವರು ಬಿಸಾಕಿದ್ದನ್ನ ನಾವು ತಂದು ಇಟ್ಕೊಳ್ಳೋದಾ?” ಅತ್ತೆ ಮೂಗು ಮುರಿದರು.

“ಇಡ್ತವೆ, ಕಡಿಮೆ ಇಡ್ತವೆ. ಇಡದಿದ್ರೂ ಏನಂತೆ? ನೀನೀಗ ಯಾರಿಗಾದ್ರೂ ಫೋನ್ ಲೈನ್ ಕೊಡ್ತಿದೀಯಾ? ನಿಂಗೆ ಊಟ ಹಾಕ್ತಿಲ್ವಾ?”

“ನಂಗೆ ಪೆನ್ಶನ್ ಬರುತ್ತೆ,” ಎಂದರು ಅತ್ತೆ ಗಂಭೀರವಾಗಿ. ಗಂಡ ಸೋಫಾದಿಂದಲೇ ನಕ್ಕ.

ನಗದೆ ಇದ್ದವಳು ಯಜಮಾನ್ತಿ ಮಾತ್ರ. “ನೋಡ್ಕೊಳ್ಳೋರು ಯಾರು?” ಎಂದು ಕೇಳಿದಳು.

“ನಾನೇ ಅಮ್ಮ. ಬೆಳಿಗ್ಗೆ ಕಾಳು, ನೀರು, ಗುಡಿಸೋದು, ಎಲ್ಲಾ ನಂದು. ಸಂಜೆ ಬಾಗಿಲು ಹಾಕೋದೊಂದು ಮಾತ್ರ ನೀನು. ನಾನು ಬರೋದು ಎಂಟಾಗುತ್ತೆ. ನೀನು ಹೇಗೂ ಮನೇಲೇ ಇರ್ತೀಯಲ್ಲ.”

ಹಿತ್ತಲಿನಲ್ಲಿ ಹಳೆಯ ಮರದ ಬೀರು ಒಂದಿತ್ತು. ಗಂಡ ಅದರ ಹಲಗೆಗಳನ್ನು ಕಿತ್ತು, ಗಾಳಿಗೆ ತೂತು ಕೊರೆದು, ಅಡ್ಡಕ್ಕೆ ಒಂದು ಮರದ ಪಟ್ಟಿ ಬಡಿದು ಗೂಡು ಮಾಡಿದ. ಕೋಳಿಗಳಿಗೆ ರಾತ್ರಿ ಎತ್ತರದಲ್ಲಿ ಕೂತರೇ ನಿದ್ದೆ ಎಂದು ಮಗಳು ಹೇಳಿದ್ದಳು. ಎತ್ತರವೆಂದರೆ ಲಿಫ್ಟಿನವನಿಗೆ ಹೇಳಿಕೊಡಬೇಕೇ, ಅವನು ಪಟ್ಟಿಯನ್ನು ತನ್ನ ಸೊಂಟದ ಮಟ್ಟಕ್ಕೆ ಬಡಿದಿಟ್ಟ. ಕೆಲಸ ಚೆನ್ನಾಗಿಯೇ ಆಗಿತ್ತು. ಅಲ್ಲಿಗೆ ಅವನು ಕೈತೊಳೆದುಕೊಂಡ.

ಕೋಳಿಗಳನ್ನು ನೆಲಕ್ಕೆ ಬಿಟ್ಟಾಗ ಅವು ನಡೆಯಲಿಲ್ಲ. ಬಿಟ್ಟಲ್ಲೇ ನಿಂತವು. ಹುಲ್ಲು ಕಾಲಿಗೆ ತಾಗಿದರೆ ಬೆಚ್ಚಿ ಕಾಲೆತ್ತುತ್ತಿದ್ದವು. ಬಟ್ಟಲಿನಲ್ಲಿ ನೀರಿಟ್ಟರೆ ಅದು ನೀರೆಂದೇ ತಿಳಿಯಲಿಲ್ಲ. ಕೊಳವೆಯ ತುದಿಯಿಂದ ತೊಟ್ಟಿಕ್ಕುವುದೇ ನೀರು ಎಂದುಕೊಂಡು ಬೆಳೆದಿದ್ದವು. ಯಜಮಾನ್ತಿ ಒಂದೊಂದರ ಕೊಕ್ಕನ್ನೂ ಬೆರಳಿನಿಂದ ಬಾಗಿಸಿ ಅದ್ದಿ ತೋರಿಸಿದಳು. ಮಗಳು ಫೋನಿನಲ್ಲಿ ಫೋಟೋ ತೆಗೆದು ಕಣ್ಣೀರು ಒರೆಸಿಕೊಂಡಳು.

ನಿಜವಾದ ಸಮಸ್ಯೆ ಗೊತ್ತಾದದ್ದು ಮರುದಿನ ಸಂಜೆ. ಕೋಳಿಗಳು ಕತ್ತಲಾಗುತ್ತಲೂ ತಾವೇ ಗೂಡು ಸೇರುತ್ತವೆ, ಬಾಗಿಲು ಹಾಕಿದರೆ ಆಯಿತು ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಈ ಕೋಳಿಗಳು ಮುಸ್ಸಂಜೆಯನ್ನೇ ಕಂಡಿರಲಿಲ್ಲ. ಅವುಗಳ ಲೋಕದಲ್ಲಿ ಯಾರೋ ಸ್ವಿಚ್ ಒತ್ತಿದರೆ ಹಗಲು, ಆರಿಸಿದರೆ ರಾತ್ರಿ. ಬೆಳಕು ಹೀಗೆ ಸೋರಿ ಹೋಗುವುದನ್ನು ನೋಡಿ ಅವು ಕಂಗಾಲಾದವು. ಹಿತ್ತಲಿನ ಮೂಲೆಗೆ ಹೋಗಿ, ಐದೂ ಗೋಡೆಗೆ ಮುಖ ಒತ್ತಿ, ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು.

ಯಜಮಾನ್ತಿ ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದಳು. ಒಂದು ಕೋಳಿಯನ್ನು ಎರಡೂ ಕೈಗಳಲ್ಲಿ ಎತ್ತಿದಳು. ಬೋಳು ಎದೆ ಬಿಸಿಯಾಗಿತ್ತು, ಒಳಗಿನ ಬಡಿತ ಅಂಗೈಗೇ ತಾಗುತ್ತಿತ್ತು. ಬೀರುವಿನೊಳಗೆ ಪಟ್ಟಿಯ ಮೇಲೆ ಕೂರಿಸಿ, ಕಾಲಿನ ಬೆರಳುಗಳನ್ನು ಬಿಡಿಸಿ, ಪಟ್ಟಿಯನ್ನು ಹಿಡಿಯುವಂತೆ ಮಡಿಸಿದಳು. ಮುಖ ಬಾಗಿಲ ಕಡೆಗೆ ಮಾಡಿದಳು, ಬೆಳಿಗ್ಗೆ ಬಾಗಿಲು ತೆರೆದಾಗ ಬೆಳಕು ನೋಡಿಕೊಂಡು ನೇರ ಇಳಿಯಲಿ ಎಂದು. ಹೀಗೆ ಐದನ್ನೂ ಕೂರಿಸಿ ಒಳಗೆ ಬರುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು.

“ಏನೋ ಸೀದ ವಾಸನೆ ಬರ್ತಿದೆಯಲ್ಲ?” ಎಂದ ಗಂಡ ಸೋಫಾದಿಂದ.

ದಿನವೂ ಅದೇ ಆಯಿತು. ಬೆಳಗಿನ ಕಾಳು, ನೀರು, ಗುಡಿಸುವುದು ಎಂದು ಮಗಳು ಹೇಳಿದ್ದರಲ್ಲಿ ಮೊದಲನೆಯ ವಾರ ಎಲ್ಲವೂ ನಡೆಯಿತು, ಎರಡನೆಯ ವಾರ ಕಾಳಷ್ಟೇ ಉಳಿಯಿತು, ಆಮೇಲೆ “ಅಮ್ಮಾ, ಬಸ್ ತಪ್ಪುತ್ತೆ” ಎಂಬ ಮಾತಷ್ಟೇ ಉಳಿಯಿತು. ಮಗಳಿಗೆ ಪ್ರೀತಿ ಕಡಿಮೆಯಿರಲಿಲ್ಲ. ಭಾನುವಾರ ಇಡೀ ದಿನ ಹಿತ್ತಲಲ್ಲೇ ಕೂತಿರುತ್ತಿದ್ದಳು. ಪ್ರೀತಿಗೆ ಭಾನುವಾರವೊಂದೇ ಸಾಕು. ಹಿಕ್ಕೆ ಬಳಿಯುವುದಕ್ಕೆ ಏಳೂ ದಿನ ಬೇಕು.

ಒಂದು ಮಾತು ಹೇಳಲೇಬೇಕು. ಯಜಮಾನ್ತಿಗೆ ಆ ಕೋಳಿಗಳು ಇಷ್ಟವಾಗಿದ್ದವು. ಜುಟ್ಟು ಒಂದು ಕಣ್ಣಿನ ಮೇಲೆ ಬಿದ್ದವಳಿಗೆ ಟೊಪ್ಪಿ ಎಂದೂ, ಪೊರಕೆ ಬಕೆಟ್ಟು ಏನಿಟ್ಟರೂ ಬಂದು ತಪಾಸಣೆ ಮಾಡುವವಳಿಗೆ ಇನ್ಸ್‌ಪೆಕ್ಟರ್ ಎಂದೂ ಅವಳೇ ಹೆಸರಿಟ್ಟಳು. ಒಂದೇ ಥರ ಇದ್ದ ಇಬ್ಬರು ಅವಳಿಗಳಾದರು. ಐದನೆಯವಳು ಬಲಗಾಲು ಎಳೆದುಕೊಂಡು, ಉಳಿದವರೆಲ್ಲ ತಿಂದು ಮುಗಿಸುವ ಹೊತ್ತಿಗೆ ತಟ್ಟೆಯ ಹತ್ತಿರ ಬರುವವಳು, ಅವಳು ನಿಧಾನಿ. ಯಜಮಾನ್ತಿ ನಿಧಾನಿಗೆಂದು ಒಂದು ಹಿಡಿ ಕಾಳು ಸೆರಗಿನಲ್ಲಿ ಬೇರೆ ಇಟ್ಟುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಟೊಪ್ಪಿ ಬಿಸಿಲಿನಲ್ಲಿ ಒಂದು ರೆಕ್ಕೆಯನ್ನು ಪೂರಾ ಬಿಚ್ಚಿ ನೆಲದ ಮೇಲೆ ಹರಡಿ ಮಲಗಿದ್ದನ್ನು ನೋಡಿ ಸತ್ತೇ ಹೋಯಿತೆಂದು ಓಡಿಹೋಗಿದ್ದಳು. ಅದು ಮೈ ಕಾಯಿಸಿಕೊಳ್ಳುತ್ತಿತ್ತು ಅಷ್ಟೇ. ಪಂಜರದಲ್ಲಿ ರೆಕ್ಕೆ ಬಿಚ್ಚುವಷ್ಟು ಜಾಗ ಇರಲಿಲ್ಲವಲ್ಲ ಎಂದು ಅವಳಿಗೆ ಹೊಳೆಯಿತು. ಅಲ್ಲೇ ಕಟ್ಟೆಯ ಮೇಲೆ ಕೂತಳು. ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಏಳಲಿಲ್ಲ.

ಅದೇ ವಾರ ಮೂರನೆಯ ಮನೆಯ ನರ್ಸು ಬೇಲಿಯ ಆಚೆಯಿಂದ ಕೇಳಿದಳು: “ನಮ್ಮ ಆಸ್ಪತ್ರೆ ಲಾಂಡ್ರೀಲಿ ಬಟ್ಟೆ ಮಡಿಸೋಕೆ ಜನ ಬೇಕಂತೆ. ನಾಲ್ಕರಿಂದ ಎಂಟು. ಬರ್ತೀರಾ?”

ಯಜಮಾನ್ತಿ ನಕ್ಕು ಬಟ್ಟೆ ಒಣಹಾಕಿದಳು. ಮರುದಿನ ಯಾರಿಗೂ ಹೇಳದೆ ಹೋಗಿ ನೋಡಿಬಂದಳು. ಉದ್ದನೆಯ ಬಿಸಿ ಕೋಣೆ, ಸೋಪಿನ ಹಬೆ, ಬೆಟ್ಟದಂತೆ ಬಿಳಿ ಹಾಸಿಗೆ ಬಟ್ಟೆ. ಮೇಲ್ವಿಚಾರಕಿ ಒಂದು ಚಾದರದ ಎರಡು ಮೂಲೆಗಳನ್ನು ತಾನು ಹಿಡಿದು, ಉಳಿದೆರಡನ್ನು ಅವಳ ಕೈಗೆ ಕೊಟ್ಟು, “ಎಳೀರಿ” ಎಂದಳು. ಯಜಮಾನ್ತಿ ಎಳೆದಳು. ಬಟ್ಟೆ ನಡುವೆ ಬಿಗಿಯಾಗಿ ನಿಂತಿತು, ಇಬ್ಬರೂ ಹತ್ತಿರ ಬಂದರು, ಮೂಲೆಗೆ ಮೂಲೆ ಸೇರಿತು, ಮತ್ತೆ ಹಿಂದೆ ಸರಿದರು. ಮನೆಯಲ್ಲಿ ಅವಳು ಚಾದರವನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ಒಬ್ಬಳೇ ಮಡಿಸುತ್ತಿದ್ದಳು, ಇಷ್ಟು ವರ್ಷವೂ. ಆಚೆ ತುದಿಯನ್ನು ಇನ್ನೊಬ್ಬರು ಹಿಡಿದರೆ ಕೆಲಸ ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ನಿಂತ ಅಷ್ಟು ಹೊತ್ತೂ ಯಾರೂ ‘ಹೇಗೂ’ ಅನ್ನಲಿಲ್ಲ. ಅವಳಿಗೆ ಆ ಕೆಲಸ ಬೇಕೆನಿಸಿತು. ಸಣ್ಣ ಹುಡುಗಿಗೆ ಹೊಸ ಚಪ್ಪಲಿ ಬೇಕೆನಿಸುವ ಹಾಗೆ, ನಾಚಿಕೆಯಿಲ್ಲದೆ ಬೇಕೆನಿಸಿತು. ಬರುವ ತಿಂಗಳ ಮೊದಲ ಸೋಮವಾರ ಸೇರಿ, ಅಲ್ಲಿಯ ತನಕ ಜಾಗ ಇಟ್ಟಿರ್ತೀನಿ, ಎಂದಳು ಮೇಲ್ವಿಚಾರಕಿ.

ಊಟದ ಹೊತ್ತಿನಲ್ಲಿ ವಿಷಯ ಹೊರಬಿತ್ತು.

“ನಿಂಗೇನು ಕಡಿಮೆ ಆಗಿದೆ ಈಗ?” ಎಂದ ಗಂಡ, ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಳ್ಳುತ್ತಾ.

“ಕಡಿಮೆ ಆಗಿದೆ ಅಂತ ಯಾರು ಹೇಳಿದ್ದು? ಹೋಗ್ಬೇಕು ಅನ್ಸಿದೆ.”

“ಬೇಡ ಅಂತ ನಾನೇನೂ ಹೇಳ್ತಿಲ್ಲಪ್ಪ.”

“ಒಳ್ಳೇದೇ ಅಮ್ಮ,” ಎಂದಳು ಮಗಳು. “ನಂಗೂ ಖುಷಿ. ಆದ್ರೆ ನಾಲ್ಕರಿಂದ ಎಂಟಾ? ಬೆಳಗಿನ ಶಿಫ್ಟ್ ಕೊಡಲ್ವಾ? ಸಂಜೆ ಕೋಳಿಗಳನ್ನ ಯಾರು ಎತ್ತಿ ಕೂರಿಸ್ತಾರೆ?”

ನಾಲ್ಕು ಗಂಟೆಗೆ ಮನೆಯಲ್ಲಿರುವ ಒಬ್ಬ ದೃಢಕಾಯ ಗಂಡಸು ಅನ್ನವನ್ನು ಬಹಳ ಗಮನವಿಟ್ಟು ಕಲಸುತ್ತಿದ್ದ.

“ಅಪ್ಪ ಇರ್ತಾರಲ್ಲ,” ಎಂದಳು ಯಜಮಾನ್ತಿ.

“ಅಯ್ಯೋ, ನಂಗೆ ಅದೆಲ್ಲ ಬರಲ್ಲ. ನಾನು ಮಾಡಿದ್ರೆ ನಿಂಗೆ ಸರಿ ಬರಲ್ಲ. ಆವತ್ತು ಪಾತ್ರೆ ತೊಳೆದಾಗ ಏನಾಯ್ತು?”

ಪಾತ್ರೆಯ ವಿಷಯ ಸುಳ್ಳಲ್ಲ. ಅವಳಿಗೆ ಜ್ವರ ಬಂದಾಗ ಅವನು ಪಾತ್ರೆ ತೊಳೆದಿದ್ದ. ಅವಳು ಹಾಸಿಗೆಯಿಂದ ಎದ್ದುಬಂದು, ಬಾಣಲೆಯ ಹಿಂಬದಿ ಮುಟ್ಟಿ ನೋಡಿ, ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಮತ್ತೆ ತೊಳೆದಿದ್ದಳು. ಅವನು ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಮಗಳು ಹೆಚ್ಚಿದ ತರಕಾರಿಯನ್ನು ಇನ್ನೊಂದು ಸುತ್ತು ಹೆಚ್ಚುತ್ತಿದ್ದಳು.

“ಅವಳದೂ ತಪ್ಪಿದೆ,” ಎಂದರು ಅತ್ತೆ, ಯಾರೂ ಕೇಳದಿದ್ದರೂ. “ನಾನು ಎಕ್ಸ್‌ಚೇಂಜಿಗೆ ಹೋಗ್ತಿದ್ದಾಗ ಇವನಪ್ಪ ಮಾಡಿದ ಅಡುಗೇನ ಕಣ್ಣು ಮುಚ್ಕೊಂಡು ತಿಂತಿದ್ದೆ. ಉಪ್ಪು ಇರ್ತಿರ್ಲಿಲ್ಲ, ಬಾಯಿ ಬಿಡ್ತಿರ್ಲಿಲ್ಲ. ನೀನು ಮತ್ತೆ ತೊಳೀತೀಯ ಅಂದ್ಮೇಲೆ ಅವ್ನು ಯಾಕೆ ಸರಿಯಾಗಿ ತೊಳೀಬೇಕು?”

ಯಜಮಾನ್ತಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿಯೇ ತಟ್ಟೆಗಳನ್ನು ತೆಗೆದುಕೊಂಡು ಹೋಗಿ ತೊಳೆದಳು.

ಮರುದಿನ ಸಂಜೆ ಹಿತ್ತಲಿಗೆ ಹೋದಾಗ ಅವಳು ಒಂದು ವಿಷಯ ಗಮನಿಸಿದಳು. ಕೋಳಿಗಳು ಈಗ ಮೂಲೆಯಲ್ಲಿ ನಡುಗುತ್ತಿರಲಿಲ್ಲ. ತಾವೇ ನಡೆದು ಬೀರುವಿನೊಳಕ್ಕೆ ಬಂದು, ಪಟ್ಟಿಯ ಕೆಳಗೆ ಸಾಲಾಗಿ ನಿಂತು, ಕತ್ತು ಎತ್ತಿ ಅವಳನ್ನೇ ನೋಡುತ್ತಿದ್ದವು. ಬಸ್ಸಿಗೆ ಕಾಯುವವರ ಹಾಗೆ, ತುಸು ಬೇಸರದಿಂದಲೇ. ಇನ್ಸ್‌ಪೆಕ್ಟರಂತೂ ತಡವಾಯಿತೆಂದು ಕೊಕ್ಕೊಕ್ಕೆಂದು ಗೊಣಗಿತು. ಎತ್ತಿ ಕೂರಿಸುವವಳು ದಿನಾ ಬರುತ್ತಾಳೆ. ಇನ್ನು ಹಾರುವ ತಾಪತ್ರಯ ಯಾಕೆ?

ಅವಳು ಅವುಗಳನ್ನು ನೋಡುತ್ತ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇದನ್ನೂ ನಾನೇ ಕಲಿಸಿದ್ದಾ?” ಎಂದು ಜೋರಾಗಿಯೇ ಕೇಳಿದಳು. ಕಿಟಕಿಯಲ್ಲಿ ಅತ್ತೆ ಕೆಮ್ಮಿದರು.

ಆವತ್ತಿನಿಂದ ಅವಳು ಅವುಗಳಿಗೆ ಎತ್ತಿಸಿಕೊಳ್ಳುವ ಚಟ ಬಿಡಿಸತೊಡಗಿದಳು. ಗಂಡನಿಗೆ ಹೇಳಿ ಪಟ್ಟಿಯನ್ನು ಇನ್ನೂ ಕೆಳಗೆ ಬಡಿಸಿದಳು. “ಇಟ್ಟಿಗೆ ಇಡು, ಮೆಟ್ಟಿಲಾಗುತ್ತೆ,” ಎಂದು ಕಿಟಕಿಯಿಂದ ಸಲಹೆ ಬಂತು. ಇಟ್ಟಿಗೆ ಜೋಡಿಸಿ, ಒಂದೊಂದರ ಮೇಲೂ ನಾಲ್ಕು ಕಾಳು ಹಾಕಿ, ಕೈ ಕಟ್ಟಿ ನಿಂತಳು. ಕೈ ಕಟ್ಟಿ ನಿಲ್ಲುವುದು ಅವಳಿಗೆ ಎತ್ತುವುದಕ್ಕಿಂತ ಕಷ್ಟವಾಯಿತು. ಟೊಪ್ಪಿ ಮೊದಲು ಹತ್ತಿತು, ಬಿತ್ತು, ಮತ್ತೆ ಹತ್ತಿತು. ಕಾಳೆಲ್ಲ ಟೊಪ್ಪಿಯ ಪಾಲಾಗುವುದು ಕಂಡು ಇನ್ಸ್‌ಪೆಕ್ಟರ್ ಹತ್ತಿತು. ಅವಳಿಗಳು ಒಂದು ದಿನ ಹತ್ತಿದರೆ ಒಂದು ದಿನ ಇಲ್ಲ. ನಿಧಾನಿಯ ಕಾಲು ಮಾತ್ರ ಮೊದಲ ಇಟ್ಟಿಗೆಗೂ ಬರಲಿಲ್ಲ. ಅವಳನ್ನು ಯಜಮಾನ್ತಿ ಎತ್ತಿಯೇ ಕೂರಿಸಿದಳು, ದಿನವೂ, ಕೊನೆಯಲ್ಲಿ.

ಸೋಮವಾರ ಬಂತು. ಹಿಂದಿನ ದಿನವೇ ಗಂಡನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದಳು. “ಉಳಿದವು ಹತ್ತಿದ್ರೆ ಹತ್ತಲಿ, ಇಲ್ದಿದ್ರೆ ಎತ್ತಿ. ಇವಳನ್ನಂತೂ ಎತ್ತಲೇಬೇಕು. ಕೆಳಗೆ ಬಿಟ್ರೆ ಉಳಿದವು ಮೆಟ್ಟಿಬಿಡ್ತವೆ.”

“ನಾನು ಇಪ್ಪತ್ತು ಮಹಡಿ ಲಿಫ್ಟ್ ನೋಡ್ಕೊಳ್ಳೋನು. ಒಂದು ಕೋಳೀನ ಎರಡು ಗೇಣು ಎತ್ತೋಕಾಗಲ್ವಾ?”

ಆ ಸಂಜೆ ಅವಳು ಚಾದರ ಮಡಿಸಿದಳು. ಆಚೆ ತುದಿ ಹಿಡಿದವಳು ಗಟ್ಟಿ ಧ್ವನಿಯ, ಹಲ್ಲು ಮುಂದಿದ್ದ ಹೆಂಗಸು. ಎಳೆಯುವಾಗಲೆಲ್ಲ ಏನಾದರೊಂದು ತಮಾಷೆ ಮಾಡಿ ನಗಿಸುತ್ತಿದ್ದಳು. ಕಿಟಕಿಯ ಹೊರಗೆ ಬೆಳಕು ಇಳಿಯುತ್ತ ಬಂದಾಗ ಯಜಮಾನ್ತಿಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಎಳೆದಳು. ಮನೆಗೆ ಬಂದಾಗ ಕಾಲು ಸೋತುಹೋಗಿತ್ತು, ಮನಸ್ಸು ಮಾತ್ರ ಹಬ್ಬ ಮುಗಿಸಿಕೊಂಡು ಬಂದ ಹಾಗಿತ್ತು.

“ಕೋಳಿ?” ಎಂದಳು ಬಾಗಿಲಲ್ಲೇ.

“ಎಲ್ಲಾ ಆಗಿದೆ. ಬಾಗಿಲು ಹಾಕಿದೀನಿ.”

ಹೋಗಿ ನೋಡೋಣವೆನ್ನಿಸಿತು. ಚಪ್ಪಲಿಗೆ ಮತ್ತೆ ಕಾಲು ತೂರಿಸಿಯೂ ಆಗಿತ್ತು. ಅಷ್ಟರಲ್ಲಿ ಬಾಣಲೆಯ ನೆನಪಾಯಿತು, ಅತ್ತೆಯ ಮಾತು ನೆನಪಾಯಿತು. ಮಾಡಿದೀನಿ ಅಂದಮೇಲೆ ಮಾಡಿದಾನೆ, ಹಿಂದೆ ಹೋಗಿ ತಪಾಸಣೆ ಮಾಡುವುದು ಬೇಡ ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು.

ಅಮ್ಮ ದಣಿದಿದ್ದಾಳೆಂದು ಬೆಳಿಗ್ಗೆ ಬೀರು ತೆರೆದವಳು ಮಗಳು. ಅವಳ ಕೂಗಿಗೆ ಎಲ್ಲರೂ ಹಿತ್ತಲಿಗೆ ಬಂದರು, ಮಂಡಿ ಹಿಡಿದುಕೊಂಡು ಅತ್ತೆಯೂ ಬಂದರು. ಪಟ್ಟಿಯ ಮೇಲೆ ಮೂರು ಕೋಳಿಗಳಿದ್ದವು. ಕೆಳಗೆ, ಮೊದಲ ಇಟ್ಟಿಗೆಗೆ ಎದೆಯೊತ್ತಿಕೊಂಡು ನಿಧಾನಿ ಬಿದ್ದಿದ್ದಳು. ಒಂದು ರೆಕ್ಕೆ ಮೈಯಡಿ ಸಿಕ್ಕಿಕೊಂಡಿತ್ತು. ಅವಳಿಗಳಲ್ಲೊಬ್ಬಳು ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿದ್ದಳು, ಜೀವಂತವಾಗಿ.

“ಅಪ್ಪ, ಎತ್ತಿ ಕೂರಿಸಿದ್ರಾ?”

ಗಂಡ ತಲೆ ತಗ್ಗಿಸಿದ. “ಒಳಗೆ ಇದ್ವು ಎಲ್ಲಾ. ಬಾಗಿಲು ಹಾಕ್ದೆ. ಎತ್ತೋದು ಮರೆತೆ.”

ಮಗಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಇಂಥ ಕೋಳಿಗಳ ಮೂಳೆಯ ಸುಣ್ಣವೆಲ್ಲ ಮೊಟ್ಟೆಗೇ ಹೋಗಿರುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು, ಪಟ್ಟಿಯ ಮೇಲಿದ್ದರೂ ಹೋಗುತ್ತಿತ್ತೋ ಏನೋ ಹೇಳಲಾಗದು ಎಂದರಂತೆ. ಹೇಳಲಾಗದು ಎಂಬ ಮಾತು ಯಾರಿಗೂ ಸಮಾಧಾನ ಕೊಡಲಿಲ್ಲ.

“ಅಮ್ಮ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ,” ಎಂದಳು ಮಗಳು ಅಳುತ್ತ. “ಒಂದೇ ದಿನ. ನೀನು ಒಂದೇ ದಿನ ಮನೇಲಿಲ್ಲ ಅಂದ್ರೆ ನೋಡು.”

ಯಜಮಾನ್ತಿ ನಿಧಾನಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡಿದ್ದಳು. ಎದೆಯ ಮೇಲೆ ಈಚೆಗಷ್ಟೇ ಹೊಸ ಪುಕ್ಕ ಮೂಡುತ್ತಿತ್ತು. ಅವಳಿಗೂ ಅದೇ ಅನ್ನಿಸಿತ್ತು, ನಾನು ಇದ್ದಿದ್ದರೆ, ಎಂದು. ಚಪ್ಪಲಿಗೆ ಕಾಲು ತೂರಿಸಿದ್ದೆನಲ್ಲ, ಹತ್ತು ಹೆಜ್ಜೆ ನಡೆದಿದ್ದರೆ ಆಗುತ್ತಿತ್ತಲ್ಲ, ಎಂದೂ ಅನ್ನಿಸಿತ್ತು. ಆದರೆ ಬಾಯಿಗೆ ಬಂದ ಮಾತು ಬೇರೆ.

“ಅಮ್ಮ ಇರ್ಲಿಲ್ಲ. ಹೌದು,” ಎಂದಳು ಮೆಲ್ಲಗೆ. “ಅಪ್ಪ ಇದ್ರು. ಅಜ್ಜಿ ಇದ್ರು. ಮನೆಯೇನೂ ಖಾಲಿ ಇರ್ಲಿಲ್ಲ. ನಾಲ್ಕು ಗಂಟೆಯಿಂದ ಜನ ಇದ್ರು ಈ ಮನೇಲಿ. ಕೋಳಿ ತಂದಿದ್ದು ನೀನು. ಸತ್ತಿದ್ದಕ್ಕೆ ನಂಗೂ ನಿನ್ನಷ್ಟೇ ದುಃಖ ಆಗಿದೆ. ನಿನಗಿಂತ ಜಾಸ್ತಿ ಆಗಿದೆ, ದಿನಾ ಎತ್ತಿದವಳು ನಾನು. ಆದ್ರೆ ನಾನು ಇರ್ಲಿಲ್ಲ ಅಂತ ಸತ್ತಳು ಅಂತ ಮಾತ್ರ ಅನ್ಬೇಡ.”

ಗಂಡ ಮೂಲೆಯಿಂದ ಗುದ್ದಲಿ ತಂದು, ಯಾರೂ ಹೇಳುವ ಮೊದಲೇ ಬೇಲಿಯ ಬುಡದಲ್ಲಿ ಅಗೆಯತೊಡಗಿದ. ಬೇಕಾದ್ದಕ್ಕಿಂತ ಬಹಳ ಆಳ ಅಗೆದ.

ಮಗಳು ಸಂಜೆ ರಜೆ ಹಾಕುತ್ತೇನೆಂದು ಹೇಳಿ ಹೋದಳು. ಮಧ್ಯಾಹ್ನ ಫೋನು ಮಾಡಿ, ರಜೆ ಸಿಗಲಿಲ್ಲ ಎಂದಳು. ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಲಾಂಡ್ರಿಯ ಕತೆ ಒಂದೇ ದಿನಕ್ಕೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಅವಳಿಗೂ ಅಡುಗೆ ಮುಗಿಸುವ ತನಕ ಏನೂ ತೀರ್ಮಾನವಾಗಿರಲಿಲ್ಲ. ಮೂರೂವರೆ ಹೊತ್ತಿಗೆ ಹಿತ್ತಲಿಗೆ ಹೋದಳು. ನಾಲ್ಕು ಕೋಳಿಗಳು ಹೊಸ ಮಣ್ಣಿನ ಗುಡ್ಡೆಯ ಮೇಲೆಯೇ ಕೆದಕುತ್ತಿದ್ದವು. ಬಂದ ದಿನ ಹುಲ್ಲಿಗೆ ಕಾಲಿಡಲೂ ಹೆದರುತ್ತಿದ್ದ ಅವು ಈಗ ಎರಡೂ ಕಾಲಲ್ಲಿ ಮಣ್ಣು ಹಾರಿಸುತ್ತಿದ್ದವು. ಅವಳು ಅಲ್ಲಿಯೇ ನಿಂತು ಸ್ವಲ್ಪ ಅತ್ತಳು. ಸೆರಗಿನಲ್ಲಿ ನಿಧಾನಿಗೆಂದು ಇಟ್ಟುಕೊಂಡಿದ್ದ ಕಾಳು ಇನ್ನೂ ಇತ್ತು. ಅದನ್ನು ಉಳಿದವುಗಳಿಗೆ ಚೆಲ್ಲಿದಳು. ಮುಖ ತೊಳೆದು, ಚೀಲ ಹೆಗಲಿಗೇರಿಸಿದಳು.

“ಇವತ್ತೂ ಹೋಗ್ತೀಯಾ?” ಎಂದರು ಅತ್ತೆ ಕುರ್ಚಿಯಿಂದ.

“ಹೋಗ್ತೀನಿ.”

ಅತ್ತೆ ಕಿಟಕಿಯಾಚೆ ಇಣುಕಿದರು. “ಮೋಡ ಆಗಿದೆ. ಛತ್ರಿ ತಗೊಂಡು ಹೋಗು,” ಎಂದರು.

ಆ ದಿನ ಚಾದರ ಹಿಡಿದಾಗ ಅವಳ ಕೈ ಹಿಡಿತ ತಪ್ಪಿ ಎರಡು ಸಲ ಮೂಲೆ ಜಾರಿತು. ಹಲ್ಲಿನ ಹೆಂಗಸು ತಮಾಷೆ ಮಾಡಲಿಲ್ಲ. “ಮನೇಲಿ ಏನಾದ್ರೂ ಆಗಿದೆಯಾ?” ಎಂದಳು. “ಒಂದು ಕೋಳಿ ಸತ್ತುಹೋಯ್ತು,” ಎಂದಳು ಯಜಮಾನ್ತಿ. ಹೇಳುವಾಗ ಅದು ಎಷ್ಟು ಸಣ್ಣ ಮಾತೆಂದು ಅವಳಿಗೇ ಕೇಳಿಸಿತು. ಆದರೆ ಆ ಹೆಂಗಸು ನಗಲಿಲ್ಲ. ಜಾರಿದ ಮೂಲೆಯನ್ನು ಬಗ್ಗಿ ಎತ್ತಿ ಅವಳ ಕೈಗೆ ಕೊಟ್ಟು, “ನಿಧಾನಕ್ಕೆ ಎಳೀರಿ,” ಎಂದಳು. ನಿಧಾನ ಎಂಬ ಪದಕ್ಕೆ ಯಜಮಾನ್ತಿಯ ಕಣ್ಣು ಮತ್ತೆ ತುಂಬಿತು.

ಮನೆಗೆ ಬಂದಾಗ ಸೋಫಾ ಖಾಲಿಯಿತ್ತು. ಗಂಡ ಅಡುಗೆಮನೆಯಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ತೊಳೆದ ಪಾತ್ರೆಗಳು ಬೋರಲು ಬಿದ್ದಿದ್ದವು, ಒಂದೆರಡರ ಮೇಲೆ ಸೋಪಿನ ನೊರೆ ಇನ್ನೂ ಇತ್ತು. ಮಗಳು ಮೇಜಿನ ಬಳಿ ನಿಂತು ತರಕಾರಿ ಹೆಚ್ಚುತ್ತಿದ್ದಳು, ಒಂದು ತುಂಡು ಹೆಬ್ಬೆರಳಷ್ಟು, ಒಂದು ಕಿರುಬೆರಳಷ್ಟು.

“ಆ ಇನ್ಸ್‌ಪೆಕ್ಟರ್ ಕಚ್ಚಿದ್ಲು,” ಎಂದ ಗಂಡ ಬೆರಳು ತೋರಿಸಿ. “ಹತ್ತೋಕೇ ಬಿಡ್ಲಿಲ್ಲ ನಾನು. ಎಲ್ಲರನ್ನೂ ಎತ್ತಿ ಕೂರಿಸ್ದೆ. ನಾಲ್ಕನ್ನೂ.”

“ಅವನು ಕತ್ತಲಾಗೋ ಮೊದಲೇ ಹೋಗಿ ಅಲ್ಲಿ ಕೂತಿದ್ದ,” ಎಂದು ಒಳಗಿನ ಕುರ್ಚಿಯಿಂದ ವರದಿ ಬಂತು. “ಕೋಳಿಗಳಿಗೇ ಗಾಬರಿ ಆಗಿತ್ತು.”

“ನೋಡಿ ಬರ್ತೀನಿ,” ಎಂದಳು ಯಜಮಾನ್ತಿ. ಈ ಸಲ ಚಪ್ಪಲಿ ಬಿಡಲಿಲ್ಲ.

ಬೀರುವಿನ ಬಾಗಿಲು ತೆರೆದು ಟಾರ್ಚು ಹಿಡಿದಳು. ನಾಲ್ಕೂ ಪಟ್ಟಿಯ ಮೇಲಿದ್ದವು, ಒತ್ತಾಗಿ, ಬೆಚ್ಚಗೆ. ಆದರೆ ಅವಳಿಗೆ ಕಂಡದ್ದು ನಾಲ್ಕು ಬಾಲಗಳು. ಅವನು ಎಲ್ಲವನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದ್ದ. ತರಗತಿಯಲ್ಲಿ ಗಲಾಟೆ ಮಾಡಿ ಶಿಕ್ಷೆಗೆ ನಿಂತ ಮಕ್ಕಳಂತೆ ಅವು ಗೋಡೆ ನೋಡುತ್ತ ಕೂತಿದ್ದವು. ಟೊಪ್ಪಿ ಕತ್ತನ್ನು ಹಿಂದಕ್ಕೆ ತಿರುಗಿಸಿ, ಜುಟ್ಟಿನ ಕೆಳಗಿನಿಂದ ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿತು.

ಅವಳ ಕೈ ತಾನಾಗಿ ಮುಂದೆ ಹೋಗಿ ಟೊಪ್ಪಿಯ ಎರಡೂ ಪಕ್ಕೆಗಳನ್ನು ಹಿಡಿಯಿತು. ಎತ್ತಿ, ತಿರುಗಿಸಿ, ಬೆರಳು ಮಡಿಸಿ ಕೂರಿಸಲು ಎಷ್ಟು ಹೊತ್ತು? ಹೊಸ ಪುಕ್ಕ ಬೆರಳಿಗೆ ಮೆತ್ತಗೆ ತಾಗಿತು. ಒಳಗೆ ಬಡಿತ ಇತ್ತು, ಸಮವಾಗಿ.

“ಸರಿ ಇದೆಯಾ?” ಹಿತ್ತಲ ಬಾಗಿಲಲ್ಲಿ ಗಂಡ ನಿಂತಿದ್ದ, ಬಟ್ಟೆ ಸುತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಅವನ ಹಿಂದೆ ಮಗಳು, ಕೈಯಲ್ಲಿ ಚಾಕು ಹಿಡಿದುಕೊಂಡೇ ಬಂದಿದ್ದಳು.

ಯಜಮಾನ್ತಿ ಕೈ ಹಿಂದೆಗೆದುಕೊಂಡಳು. ಬೆಳಗಾದರೆ ಹೇಗೂ ತಾವೇ ತಿರುಗಿಕೊಳ್ಳುತ್ತವೆ.

“ಸರಿ ಇದೆ,” ಎಂದು ಬಾಗಿಲು ಹಾಕಿ, ಚಿಲಕ ಸರಿಸಿದಳು.